ಗೋಡೆ ಖಾಲಿಯಾದ ಮೇಲೆ ಒಂದಿಷ್ಟು ಋಣದ ಲೆಕ್ಕ

ನಿನ್ನೆ ಸಂಜೆ ಕೊನೆಯ ಚಿತ್ರವನ್ನೂ ಇಳಿಸಿದೆವು. ಮೊಳೆ ಕಿತ್ತ ಜಾಗಕ್ಕೆ ಪುಟ್ಟಿ ಮೆತ್ತುತ್ತಿದ್ದ ಹುಡುಗ ಕೈ ಒರೆಸಿಕೊಳ್ಳುತ್ತಾ "ಒಟ್ಟು 31 ತೂತು ಸಾರ್" ಎಂದು ಲೆಕ್ಕ ಒಪ್ಪಿಸಿದ. 19 ವರ್ಷದ ಕೆಲಸ, 31 ತೂತು. ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಹೀಗೆ ಮುಗಿಯಿತು. ಬಂದವರಿಗೆ, ಬರಲಾಗದೆ ಮೆಸೇಜ್ ಹಾಕಿದವರಿಗೆ, ಬಂದು ಚಿತ್ರ ನೋಡದೆ ನನ್ನನ್ನಷ್ಟೇ ಮಾತಾಡಿಸಿಕೊಂಡು ಹೋದವರಿಗೆ, ಎಲ್ಲರಿಗೂ ನಮಸ್ಕಾರ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬಾಗಿಲ ಬಳಿ ಅಂಟಿಸಿದ್ದ ಪರಿಚಯದಲ್ಲಿ ನನ್ನ ಹೆಸರಿನ ಕೆಳಗೆ "ಸ್ವಯಂಕಲಿತ ಕಲಾವಿದ" ಎಂದಿತ್ತು. ಉದ್ಘಾಟನೆಯ ದಿನ ಹಿರಿಯರೊಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಏಕಲವ್ಯ ಅಂದರು. ಚಪ್ಪಾಳೆಯೂ ಬಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನು ವಿನಯ ಅಂದುಕೊಂಡಿದ್ದರೆ ಕ್ಷಮಿಸಿ, ಅದು ಮುಜುಗರ. ಏಕಲವ್ಯನ ಎದುರಿಗಿದ್ದದ್ದು ಮಣ್ಣಿನ ಮೂರ್ತಿ. ಅದು ಕೆಮ್ಮುತ್ತಿರಲಿಲ್ಲ, ಕಾಲು ಜೋಮು ಹಿಡಿಯಿತೆಂದು ಎದ್ದು ಹೋಗುತ್ತಿರಲಿಲ್ಲ, "ನನ್ನ ಮೂಗು ಹೀಗಿದೆಯಾ" ಎಂದು ಕೇಳುತ್ತಿರಲಿಲ್ಲ. ನನ್ನ ಎದುರಿಗೆ ಕೂತವರು ಇದೆಲ್ಲವನ್ನೂ ಮಾಡಿದರು. ನಾನು ಕಲಿತದ್ದು ಅದರಿಂದಲೇ. ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಮನುಷ್ಯ ನಾನು. ಯಾರ ಬಾಕಿ ಎಷ್ಟು ಎಂದು ಬರೆದಿಡದಿದ್ದರೆ ನಿದ್ದೆ ಬರುವುದಿಲ್ಲ.

ಮೊದಲ ಬಾಕಿ ಅಮ್ಮನದು. ನಾನು ಬಿಡಿಸಿದ ಆಕೆಯ ಮೊದಲ ಮುಖಚಿತ್ರವನ್ನು ನೋಡಿ ಅಮ್ಮ ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ನನ್ನ ಹಣೆ ಎಲ್ಲಿ ಹೋಯ್ತೋ?" ಅಂದಳು. ಆಮೇಲೆ ಹೊಲಿಗೆ ಡಬ್ಬಿಯಿಂದ ಒಂದೆಳೆ ದಾರ ತೆಗೆದು ನೆತ್ತಿಯಿಂದ ಗಲ್ಲದವರೆಗೆ ಹಿಡಿದಳು, ಅದನ್ನು ಎರಡಾಗಿ ಮಡಚಿ ಮತ್ತೆ ಮುಖದ ಮೇಲೆ ಇಟ್ಟಳು. ಮಡಿಕೆ ಬಂದು ನಿಂತದ್ದು ಸರಿಯಾಗಿ ಕಣ್ಣಿನ ಮಟ್ಟಕ್ಕೆ. ಮನುಷ್ಯರ ಕಣ್ಣು ತಲೆಯ ನಟ್ಟನಡುವೆ ಇರುತ್ತದೆ. ಹೊಸಬರೆಲ್ಲ ಅದನ್ನು ಮೇಲಕ್ಕೆ ಹತ್ತಿಸಿ ಹಣೆಯನ್ನೂ ನೆತ್ತಿಯನ್ನೂ ಕತ್ತರಿಸಿಬಿಡುತ್ತೇವೆ, ಏಕೆಂದರೆ ನಮಗೆ ಬೇಕಾದದ್ದು ಕಣ್ಣು, ಮೂಗು, ಬಾಯಿ. ಕೂದಲ ಕೆಳಗಿನ ಬುರುಡೆ ಯಾರಿಗೂ ಬೇಡ. ಯಾವ ಕಲಾಶಾಲೆಯಲ್ಲಾದರೂ ಮೊದಲ ವಾರ ಹೇಳಿಕೊಡುವ ಈ ಪಾಠ ನನಗೆ ಸಿಕ್ಕಿದ್ದು ಒಂದೆಳೆ ದಾರದಲ್ಲಿ.

ದೊಡ್ಡಪ್ಪನಿಗೆ ಧನ್ಯವಾದ ಹೇಳಲು ಅವರಿಲ್ಲ. ನನ್ನ ಚಿತ್ರಗಳಲ್ಲಿ ಇಷ್ಟೊಂದು ಜನ ಮಲಗಿರುವುದೇಕೆ ಎಂದು ಪ್ರದರ್ಶನದಲ್ಲಿ ಬಹಳ ಮಂದಿ ಕೇಳಿದಿರಿ. ಒಬ್ಬರು ನಿದ್ದೆಯನ್ನು ಸಾವಿನ ರೂಪಕವೆಂದು ವಿವರಿಸಿದರು, ಚೆನ್ನಾಗಿಯೂ ವಿವರಿಸಿದರು. ನಿಜ ಇಷ್ಟೇ: ರೂಪದರ್ಶಿಗೆ ಕೊಡಲು ನನ್ನಲ್ಲಿ ದುಡ್ಡಿರಲಿಲ್ಲ. ಬಿಟ್ಟಿಯಾಗಿ, ದೂರದೆ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಇರುತ್ತಿದ್ದವರು ಭಾನುವಾರ ಮಧ್ಯಾಹ್ನದ ದೊಡ್ಡಪ್ಪ ಒಬ್ಬರೇ. ಒಂದು ದಿನ ಅರ್ಧ ಕಣ್ಣು ತೆರೆದು, "ಸತ್ತ ಮೇಲೆ ಬಿಡಿಸೋದನ್ನ ಈಗಲೇ ಬಿಡಿಸ್ತಿದ್ದೀಯಲ್ಲೋ" ಎಂದು ಮಗ್ಗುಲು ಬದಲಿಸಿದರು. ಮಲಗಿದವರೂ ಸುಮ್ಮನಿರುವುದಿಲ್ಲ ಎಂದು ಗೊತ್ತಾದದ್ದು ಅವರಿಂದ. ಉಸಿರಿಗೆ ಎದೆಗೂಡು ಏರಿ ಇಳಿಯುತ್ತದೆ, ಅದರ ಜೊತೆ ಭುಜ ಬಹಳ ಸಣ್ಣಗೆ ಜರುಗುತ್ತದೆ, ಮೇಲಿಟ್ಟ ಕೈ ತಾನೂ ಏಳುತ್ತದೆ. ಯಾವ ಕ್ಷಣದ ಗೆರೆಯನ್ನು ಹಿಡಿಯಬೇಕು? ನಾನು ಎರಡನ್ನೂ ಎಳೆದು ಎರಡನ್ನೂ ಉಳಿಸಿದೆ. ಅಂಚಿನ ಆ ಜೋಡಿಗೆರೆಯನ್ನು ಈಗ ನನ್ನ ಶೈಲಿ ಎನ್ನುತ್ತಾರೆ. ಅವರ ಕೊನೆಯ ಚಿತ್ರದಲ್ಲಿ ಎಡಗೈ ಬಾಕಿ ಉಳಿದಿದೆ. ಅದನ್ನು ಮುಗಿಸುವುದಿಲ್ಲ.

ಕೈ ಅಂದಾಗ ನೆನಪಾಯಿತು. ಮೊದಲ ಐದಾರು ವರ್ಷ ನನ್ನ ಚಿತ್ರಗಳಲ್ಲಿ ಯಾರಿಗೂ ಕೈಯೇ ಇರಲಿಲ್ಲ. ಜೇಬಿನಲ್ಲಿ, ಬೆನ್ನ ಹಿಂದೆ, ಹೊದಿಕೆಯೊಳಗೆ, ಎಲ್ಲೆಲ್ಲಿ ಬಚ್ಚಿಡಬಹುದೋ ಅಲ್ಲೆಲ್ಲ ಇಟ್ಟಿದ್ದೆ. ನಮ್ಮ ಆಫೀಸಿನ ವಾಚ್‌ಮನ್ ಅಣ್ಣ ತನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ "ಕೈ ಕಟ್ ಮಾಡ್ಬಿಟ್ರಾ ಸಾರ್?" ಅಂದ. ಬರುವುದಿಲ್ಲ ಎಂದು ಒಪ್ಪಿಕೊಂಡೆ. ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಮೇಜಿನ ಮೇಲೆ ಕೈ ಇಟ್ಟು ಕೂರುವುದು ಅವನ ರೂಢಿಯಾಯಿತು. ಹಾಗೆ ಎಷ್ಟು ತಿಂಗಳು ಕೂತನೋ. ಬೆರಳ ಗೆಣ್ಣುಗಳು ಸಾಲಾಗಿ ನಿಂತಿರುವುದಿಲ್ಲ, ಬಿಲ್ಲಿನ ಹಾಗೆ ಬಾಗಿರುತ್ತವೆ. ಕೈಯನ್ನು ಮುಖದ ಮೇಲಿಟ್ಟರೆ ಗಲ್ಲದಿಂದ ಕೂದಲಂಚಿನವರೆಗೆ ಬರುತ್ತದೆ. ಅಷ್ಟು ದೊಡ್ಡದಾಗಿ ಬರೆಯಲು ಧೈರ್ಯ ಬೇಕು. ಐದು ಬೆರಳನ್ನು ಬಿಡಿಬಿಡಿಯಾಗಿ ಬರೆದರೆ ಗೆಣಸಿನ ಗೊಂಚಲು. ಮೊದಲು ಇಡೀ ಕೈಯನ್ನು ಒಂದೇ ಗಟ್ಟಿ ಮುದ್ದೆಯಾಗಿ ಕಂಡು ಆಮೇಲೆ ಬೆರಳು ಬಿಡಿಸಬೇಕು. ಅಣ್ಣಾ, ನಿನ್ನ ಕೈಯಿಂದಲೇ ನನಗೆ ಕೈ ಬಂತು.

ಇನ್ನು ನೀಲಿಯ ವಿಷಯ. ನನ್ನ ಹಳೆಯ ಚಿತ್ರಗಳ ಮೈಬಣ್ಣದಲ್ಲಿ ಒಂದು ತಣ್ಣನೆಯ ವಿಷಾದವಿದೆ ಎಂದು ಬರೆದವರಿದ್ದಾರೆ. ಓದಿ ಸಂತೋಷಪಟ್ಟಿದ್ದೇನೆ, ಸುಳ್ಳು ಹೇಳಲಾರೆ. ಆದರೆ ಅದರ ಹಿಂದಿರುವುದು ಒಂದು ಹಳದಿ ಬಲ್ಬು. ಹಗಲು ಕೆಲಸ, ಚಿತ್ರ ರಾತ್ರಿ. ಹಳದಿ ಬೆಳಕಿನಲ್ಲಿ ಕ್ಯಾನ್ವಾಸೆಲ್ಲ ಬೆಚ್ಚಗೆ ಕಾಣುತ್ತದೆ, ಅದನ್ನು ಸರಿಮಾಡಲು ಕೈ ತಾನಾಗಿ ನೀಲಿಯತ್ತ ಹೋಗುತ್ತದೆ. ಬೆಳಿಗ್ಗೆ ಕಿಟಕಿಯ ಬಳಿ ಇಟ್ಟಾಗ ಎಲ್ಲರೂ ಚಳಿಯಲ್ಲಿ ನಡುಗುತ್ತಿರುತ್ತಾರೆ. ಸಹೋದ್ಯೋಗಿಯೊಬ್ಬರು ನೋಡಿ "ಇವರಿಗೆಲ್ಲ ಜ್ವರವಾ?" ಎಂದು ಕೇಳಿದ ಮೇಲೆ ಬಿಳಿ ಬೆಳಕಿನ ದೀಪ ಹಾಕಿಸಿಕೊಂಡೆ. ಮೈಬಣ್ಣ ಸರಿಹೋಯಿತು, ಚಿತ್ರ ಸಪ್ಪೆಯಾಯಿತು! ಆಗ ಕೈಗೆ ಸಿಕ್ಕಿದ್ದು ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ ಹೆಸರಿನಲ್ಲಿ ಓಡಾಡುವ ನಾಲ್ಕೇ ಬಣ್ಣದ ಪ್ಯಾಲೆಟ್: ಯೆಲ್ಲೋ ಓಕರ್ ಎಂಬ ಮಣ್ಣುಹಳದಿ, ವರ್ಮಿಲಿಯನ್ ಎಂಬ ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು, ಬಿಳಿ. ನೀಲಿಯ ಟ್ಯೂಬೇ ಇಲ್ಲ. ಆದರೂ ಕಪ್ಪಿಗೆ ಬಿಳಿ ಬೆರೆಸಿ ಓಕರ್ ಪಕ್ಕದಲ್ಲಿಟ್ಟರೆ ಕಣ್ಣು ಅದನ್ನು ನೀಲಿ ಎಂದೇ ಓದುತ್ತದೆ. ಕಳೆದ ಎಂಟು ವರ್ಷದ ಚಿತ್ರಗಳ ತಣ್ಣನೆ ಅಲ್ಲಿಂದ ಬಂದದ್ದು, ಬೇಕೆಂದೇ ತಂದದ್ದು. ಅದಕ್ಕೂ ಹಿಂದಿನದು ಬಲ್ಬಿನ ಕೃಪೆ.

ಒಬ್ಬರ ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೇ ಇಷ್ಟವಾಗಲಿಕ್ಕಿಲ್ಲ. ವರ್ಷಗಳ ಹಿಂದೆ ಒಂದು ಗ್ರೂಪ್ ಶೋದ ಆಯ್ಕೆಗೆ ಚಿತ್ರ ಒಯ್ದಿದ್ದೆ. ತಂಗಿಯ ಮುಖ, ಮೊಬೈಲ್‌ನಲ್ಲಿ ಹತ್ತಿರದಿಂದ ತೆಗೆದ ಫೋಟೊ ನೋಡಿ ಮೂರು ತಿಂಗಳು ತಿದ್ದಿ ತೀಡಿ ಬಿಡಿಸಿದ್ದು. ಅವರು ಒಂದು ನಿಮಿಷ ನೋಡಿ "ಫೋಟೊ ಚೆನ್ನಾಗಿ ಬಂದಿದೆ" ಎಂದು ವಾಪಸ್ ಕೊಟ್ಟರು. ಒಂದು ವಾರ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡಿದೆ. ಇಪ್ಪತ್ತನೇ ಶತಮಾನದ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದವನು, ಎದುರಿಗೆ ಕೂರಿಸಿಕೊಳ್ಳುವುದಕ್ಕಿಂತ ಫೋಟೊ ನೋಡಿ ಬಿಡಿಸುವುದನ್ನೇ ಇಷ್ಟಪಟ್ಟವನು, ಅವನಿಗೊಂದು ನ್ಯಾಯ ನನಗೊಂದು ನ್ಯಾಯವೇ ಎಂದು. ಆದರೆ ಬೇಕನ್ ಫೋಟೊವನ್ನು ಹಿಂಡಿ ಬೇರೇನನ್ನೋ ತೆಗೆದ, ನಾನು ಅದರ ದೋಷಗಳನ್ನೂ ಭಕ್ತಿಯಿಂದ ನಕಲು ಮಾಡಿದ್ದೆ. ಹತ್ತಿರದಿಂದ ತೆಗೆದ ಫೋಟೊದಲ್ಲಿ ಮೂಗು ಉಬ್ಬುತ್ತದೆ, ಕಿವಿ ಹಿಂದಕ್ಕೆ ಸರಿಯುತ್ತದೆ. ನೆರಳಿನೊಳಗೆ ಕಣ್ಣಿಗೆ ಕಾಣುವ ಬಣ್ಣಗಳೆಲ್ಲ ಅಲ್ಲಿ ಬರೀ ಕಪ್ಪಾಗಿ ಕೂರುತ್ತವೆ. ಫೋಟೊ ಬದಿಗಿಟ್ಟು ತಂಗಿಯನ್ನೇ ಕೂರಿಸಿದೆ. ಅವಳು ಮೊಬೈಲ್ ನೋಡಿಕೊಂಡೇ ಕೂರುತ್ತೇನೆ ಅಂದಳು. ತಲೆ ತಗ್ಗಿಸಿದ ಹೆಂಗಸರ ಆ ಸರಣಿ ಹುಟ್ಟಿದ್ದು ಹಾಗೆ. ತಪ್ಪು ಕಾಣದೆ ಒದ್ದಾಡುವಾಗ ಚಿತ್ರವನ್ನು ಕನ್ನಡಿಯಲ್ಲಿ ತೋರಿಸಿದವಳೂ ಅವಳೇ. ಎಡಬಲ ತಿರುಗಿದ ಕೂಡಲೇ ಓರೆಯಾದ ಬಾಯಿ ಕೂಗಿ ಹೇಳುತ್ತದೆ, ನಾನು ಓರೆ ಎಂದು. ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದೇ ಉಪಾಯ ಬರೆದಿಟ್ಟಿದ್ದಾನೆ. ನನ್ನ ತಂಗಿ ಅವನನ್ನು ಓದಿಲ್ಲ, ಸೆಲ್ಫಿ ತೆಗೆದು ಕಲಿತಿದ್ದಾಳೆ.

ಕಳೆದೆರಡು ವರ್ಷದ ಕಥೆ ಹತ್ತಿರದವರಿಗೆ ಮಾತ್ರ ಗೊತ್ತು. ಬಲಭುಜ ಹಿಡಿದುಕೊಂಡು, ಕೈ ಎದೆಮಟ್ಟದಿಂದ ಮೇಲೆ ಏಳದಂತಾಯಿತು. ಫ್ರೋಜನ್ ಶೋಲ್ಡರ್ ಅಂದರು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಪ್ರಾಣ ಹೋಗುವಷ್ಟು ನೋವು. ಫಿಸಿಯೋಥೆರಪಿಸ್ಟ್ ಮೇಡಂ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸಲು ಹೇಳಿ, ಕೈ ನಿಂತಲ್ಲಿ ಪೆನ್ಸಿಲ್ ಗೆರೆ ಹಾಕುತ್ತಿದ್ದರು. ವಾರಕ್ಕೊಂದು ಗೆರೆ. ಕೆಲವು ವಾರ ಹಳೆಯ ಗೆರೆಯ ಮೇಲೇ ಹೊಸ ಗೆರೆ. ಆ ಇಡೀ ವರ್ಷ ನನ್ನ ಕೈ ಮಾಡಿದ ಚಿತ್ರ ಅದೊಂದೇ. ಮೇಡಂ, ನಿಮ್ಮ ಗೋಡೆಗೆ ಬಣ್ಣ ಹೊಡೆಸುವ ಮುಂಚೆ ಒಂದು ಮಾತು ಹೇಳಿ.

ಹೆಂಡತಿ ಒಂದು ದಿನ ಕಿಟಕಿ ಒರೆಸುವ ಕೋಲಿಗೆ ಬ್ರಶ್ ಕಟ್ಟಿ ತಂದುಕೊಟ್ಟಳು. ಕ್ಯಾನ್ವಾಸನ್ನು ನೆಲಕ್ಕೆ ಒರಗಿಸಿ, ಕುರ್ಚಿಯಲ್ಲಿ ಕೂತು, ಮೊಣಕೈ ಎತ್ತದೆ ಎಳೆಯತೊಡಗಿದೆ. ಫ್ರಾನ್ಸಿನ ಚಿತ್ರಕಾರ ಮತೀಸ್ ಮುಪ್ಪಿನಲ್ಲಿ ಉದ್ದ ಕೋಲಿನ ತುದಿಗೆ ಇದ್ದಿಲು ಸಿಕ್ಕಿಸಿ ಅಲ್ಲಿನ ವಾನ್ಸ್ ಊರಿನ ಚಾಪೆಲ್‌ಗೆ, ಅಂದರೆ ಪುಟ್ಟ ಪ್ರಾರ್ಥನಾಮಂದಿರಕ್ಕೆ, ರೇಖೆ ಬರೆದದ್ದು ಆಮೇಲೆ ತಿಳಿದು, ಕೋಲಿನ ಬಗ್ಗೆ ಇದ್ದ ನಾಚಿಕೆ ಹೋಯಿತು. ಕೋಲಿನಲ್ಲಿ ರೆಪ್ಪೆಗೂದಲು ಬರೆಯಲಾಗದು. ಒಂದು ಭುಜವನ್ನು ಒಂದೇ ಎಳೆತದಲ್ಲಿ ಎಳೆಯಬೇಕು, ಇಲ್ಲವೇ ಕೆರೆದು ತೆಗೆಯಬೇಕು. ಕೊನೆಯ ಕೋಣೆಯಲ್ಲಿದ್ದ ಏಳು ದೊಡ್ಡ ಚಿತ್ರಗಳು ಅವು. ಅತಿ ಹೆಚ್ಚು ಹೊತ್ತು ನೀವು ನಿಂತದ್ದೂ ಅಲ್ಲೇ. ಬ್ರಶ್ ತೊಳೆಯುವ ಟರ್ಪೆಂಟೈನ್ ವಾಸನೆಗೆ ತಲೆನೋವು ಬಂದಾಗ ಅದನ್ನು ಮನೆಯಿಂದ ಹೊರಗೆ ಹಾಕಿಸಿದವಳೂ ಅವಳೇ. ಈಗ ಬ್ರಶ್‌ಗೆ ಎಣ್ಣೆ ಮತ್ತು ಸೋಪು. (ಲಿನ್‌ಸೀಡ್, ಅಂದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.)

ನನ್ನಂತೆ ಲೆಕ್ಕದ ಪುಸ್ತಕದ ಪಕ್ಕದಲ್ಲೇ ಸ್ಕೆಚ್ ಪುಸ್ತಕ ಇಟ್ಟುಕೊಂಡವರು ಈ ಬಾರಿ ಬಹಳ ಮಂದಿ ಬಂದು ಮಾತಾಡಿದರು. ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದ ಭೂಪೇನ್ ಖಖ್ಖರ್ 1962ರಲ್ಲಿ ಬರೋಡಕ್ಕೆ ಹೋಗಿ, ಲೆಕ್ಕದ ಕೆಲಸವನ್ನು ಪೂರ್ತಿ ಬಿಡದೆಯೇ ಚಿತ್ರ ಬಿಡಿಸಿದರು. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ಅವರ ದೊಡ್ಡ ಪ್ರದರ್ಶನ ಮಾಡಿತು. ಅಷ್ಟರಲ್ಲಿ ಅವರು ತೀರಿಕೊಂಡು 13 ವರ್ಷವಾಗಿತ್ತು. ಅವರ ಚಿತ್ರದ ಅಂಗರಚನೆ ನೋಡಿದರೆ ನನ್ನ ಅಮ್ಮ ಖಂಡಿತ ದಾರ ತೆಗೆಯುತ್ತಿದ್ದಳು. ಆದರೆ ಅವರ ಜನ ಬದುಕಿದ್ದಾರೆ. ಸರಿಯಾಗಿ ಅಳೆದ ನನ್ನ ಎಷ್ಟೋ ಜನ ಇನ್ನೂ ಉಸಿರಾಡುತ್ತಿಲ್ಲ, ಅದು ನನಗೆ ಗೊತ್ತು.

ಕೊನೆಯದಾಗಿ ಚಿತ್ರ ಕೊಂಡವರಿಗೆ. ಹಣಕ್ಕೂ ಗೋಡೆಗೂ ವಂದನೆ. ಕೋಲಿನ ಚಿತ್ರಗಳಲ್ಲಿ ಬಣ್ಣ ದಪ್ಪಗಿದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿ. ಒದ್ದೆ ಬಟ್ಟೆ ಬೇಡ, ಗಾಜು ಬೇಡ, ನೇರ ಬಿಸಿಲು ಬೇಡ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಒಂದು ಕರೆ ಮಾಡಿ. ವಾರ್ನಿಶ್ ಡಬ್ಬಿ ಹಿಡಿದುಕೊಂಡು ನಾನೇ ಬರುತ್ತೇನೆ.