ವಿಕ್ಟೋರಿಯಾ ಜಲಪಾತ ಪ್ರವಾಸದಲ್ಲಿ ತಪ್ಪು ವೀಸಾ: ನಿಮ್ಮ ಸಂಸ್ಥೆಯ ಮೇಲೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು ಕಚೇರಿ

ವಿಷಯ: ಜಿಂಬಾಬ್ವೆಗೆ ಸಿಂಗಲ್ ಎಂಟ್ರಿ (ಒಂದೇ ಸಲ ಪ್ರವೇಶವಿರುವ) ವೀಸಾ ಮಾಡಿಸಿ ಜಾಂಬಿಯಾ ಭಾಗದ ಪ್ರವಾಸ ತಪ್ಪಿಸಿದ್ದು, ನಮ್ಮನ್ನೇ 'ನೋ ಶೋ' (ಬಾರದೆ ಹೋದವರು) ಎಂದು ನಮೂದಿಸಿ ಹಣ ನಿರಾಕರಿಸಿದ್ದು.

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಶಿವಮೊಗ್ಗದಿಂದ ಬಂದು ನಿಮ್ಮ ಕಚೇರಿಯ ಸೋಫಾದ ಮೇಲೆ ಕಾದು ಕೂತಿದ್ದೂ ಆಯಿತು. "ಮೇಲಿನವರಿಗೆ ಕಳಿಸಿದೀವಿ ಮೇಡಂ" ಎನ್ನುವುದನ್ನು ಬಿಟ್ಟರೆ ಬೇರೆ ಉತ್ತರ ಸಿಗಲಿಲ್ಲ. ಈಗ ನಿಮ್ಮ ಇಮೇಲ್ ಬಂದಿದೆ. ಜಲಪಾತದ ಅಂಚಿನಲ್ಲಿ ಜಾಂಬಿಯಾ ಭಾಗದಲ್ಲಿರುವ ಲಿವಿಂಗ್‌ಸ್ಟನ್ ದ್ವೀಪದ ಪ್ರವಾಸಕ್ಕೆ ನಾವು ನಾಲ್ವರೂ 'ನೋ ಶೋ', ಹಾಗಾಗಿ ಹಣ ವಾಪಸಿಲ್ಲವಂತೆ. ಆ ಹೊತ್ತಿನಲ್ಲಿ ನಾವು ಗಡಿ ಠಾಣೆಯ ಕೌಂಟರಿನ ಮುಂದೆ ನಿಂತಿದ್ದೆವು. ಅಲ್ಲಿಂದಲೇ ನಿಮ್ಮ ತುರ್ತು ಸಂಖ್ಯೆಗೆ ಕರೆ ಮಾಡಿದ್ದೆವು. ನಿಮ್ಮವರೇ ಆ ಕರೆ ಎತ್ತಿ ಮಾತಾಡಿದ್ದರು. ಬಾರದೆ ಹೋದವರ ಪಟ್ಟಿಗೆ ನಮ್ಮನ್ನು ಯಾವ ಮುಖ ಇಟ್ಟುಕೊಂಡು ಸೇರಿಸಿದಿರಿ?

ನೀವು ಕೊಟ್ಟ ಪ್ರವಾಸ ಪಟ್ಟಿ ನನ್ನ ಎದುರಿಗಿದೆ. ವಸತಿ ಎಲ್ಲಾ ದಿನವೂ ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್ ಊರಿನಲ್ಲಿ. ಕೊನೆಯ ಪೂರ್ತಿ ದಿನ ಗಡಿಯ ಸೇತುವೆ ದಾಟಿ ಜಾಂಬಿಯಾಕ್ಕೆ ಹೋಗಿ, ಜಲಪಾತದೆದುರಿನ ನೈಫ್ ಎಡ್ಜ್ ಕಾಲುಸೇತುವೆ ಮತ್ತು ದೋಣಿಯಲ್ಲಿ ದ್ವೀಪ ನೋಡಿಕೊಂಡು ಸಂಜೆ ಅದೇ ಹೋಟೆಲಿಗೆ ವಾಪಸ್. ಒಂದು ದೇಶದಿಂದ ಬೆಳಗ್ಗೆ ಹೊರಬಿದ್ದು ಸಂಜೆ ಮತ್ತೆ ಅದರೊಳಗೆ ಬರುವವರಿಗೆ ಎರಡು ಸಲ ಪ್ರವೇಶವಿರುವ ವೀಸಾ ಬೇಕು. ಆಫ್ರಿಕಾ ಪ್ರವಾಸ ಮಾರುವವರಿಗೆ ಇದನ್ನು ನಾನು ಹೇಳಿಕೊಡಬೇಕೆ? ನಿಮ್ಮ ಕರಪತ್ರದಲ್ಲೇ 'ಕಾಜಾ ಯೂನಿವೀಸಾ: ಒಂದೇ ವೀಸಾ, ಎರಡು ದೇಶ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆ ವೀಸಾ ಎಲ್ಲ ದೇಶದ ಪಾಸ್‌ಪೋರ್ಟಿಗೂ ಕೊಡುವಂಥದ್ದಲ್ಲ, ಅದಕ್ಕೊಂದು ಅರ್ಹ ದೇಶಗಳ ಪಟ್ಟಿಯಿದೆ. ಆ ಪಟ್ಟಿ ನೋಡಿಕೊಂಡು ಮಾರುವುದು ನಿಮ್ಮ ಕೆಲಸ. ಕೊನೆಗೆ ನೀವು ಮಾಡಿಸಿದ್ದು ಎರಡು ಬೇರೆ ಬೇರೆ ವೀಸಾ, ಅದರಲ್ಲಿ ಜಿಂಬಾಬ್ವೆಯದು ಸಿಂಗಲ್ ಎಂಟ್ರಿ. ಅರ್ಜಿ ತುಂಬಿದವರು ನಿಮ್ಮವರು, ಶುಲ್ಕ ಕಟ್ಟಿದವರು ನಿಮ್ಮವರು. ಪಾಸ್‌ಪೋರ್ಟು, ವೀಸಾ ಕಾಗದ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ನಮ್ಮ ಕೈಗಿಟ್ಟಿದ್ದು ಹೊರಡುವ ರಾತ್ರಿ, ವಿಮಾನ ನಿಲ್ದಾಣದ ಬಾಗಿಲಲ್ಲಿ.

ಆ ಬೆಳಗಿನ ಮಾತುಕತೆಯನ್ನು ನಿಮ್ಮವರು ಮರೆತಿರಬಹುದು, ನಾನು ಮರೆತಿಲ್ಲ. ಒಂದೊಂದು ಮಾತನ್ನೂ ಬರೆಯುತ್ತೇನೆ.

ಠಾಣೆಯ ಹೊರಗೆ ಲಾರಿಗಳ ಸಾಲು, ಒಳಗೆ ಸಣ್ಣ ಕ್ಯೂ. ನಮ್ಮಲ್ಲೊಬ್ಬಳಿಗೆ ಮಂಡಿನೋವು, ಗೋಡೆಗೆ ಒರಗಿ ನಿಂತಿದ್ದಳು. ಕೌಂಟರಿನ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುವಿ, ವೀಸಾ ಇದ್ದ ಪುಟದಲ್ಲಿ ಪೆನ್ನಿನ ತುದಿ ಇಟ್ಟು ತೋರಿಸಿದರು. "ಅಮ್ಮಾ, ಇದು ಸಿಂಗಲ್. ನಾನು ಈಗ ಎಕ್ಸಿಟ್ ಮುದ್ರೆ ಒತ್ತಿದರೆ ಇದು ಮುಗಿಯಿತು. ಸಂಜೆ ಬರಲು ಹೊಸ ವೀಸಾ ಬೇಕು, ಅದು ಇವತ್ತೇ ಆಗುತ್ತದೆಂದು ನಾನು ಮಾತು ಕೊಡಲಾರೆ." ಮುದ್ರೆಯನ್ನು ಪಕ್ಕಕ್ಕಿಟ್ಟು, ಯೋಚಿಸಿ ಹೇಳಿ ಎಂದರು. ನಮ್ಮ ಸಾಮಾನೆಲ್ಲ ಹೋಟೆಲಿನಲ್ಲಿ. ಮರುದಿನದ ವಿಮಾನ ಇದೇ ಊರಿನಿಂದ.

ನಿಮ್ಮ '24 ಗಂಟೆ ಸಹಾಯ' ಸಂಖ್ಯೆಗೆ ಕರೆ ಮಾಡಿದೆ. ಅಲ್ಲಿ ಬೆಳಗ್ಗೆ ಒಂಬತ್ತೂವರೆ, ಬೆಂಗಳೂರಿನಲ್ಲಿ ಮಧ್ಯಾಹ್ನ ಒಂದು. ಎತ್ತಿದವರು "ಊಟದ ಟೈಮು ಮೇಡಂ, ಸ್ವಲ್ಪ ಬೇಗ ಹೇಳಿ" ಅಂದರು. ಹೇಳಿದೆ. "ಡಬಲ್ ಇರಬೇಕಲ್ಲ, ಸರಿಯಾಗಿ ನೋಡಿ." ನೋಡಿದೆ, ಸಿಂಗಲ್. "ಕನ್ನಡಕ ಹಾಕ್ಕೊಂಡು ನೋಡಿ ಮೇಡಂ." ಅರವತ್ತು ದಾಟಿದವಳಿಗೆ, ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತಳಾದವಳಿಗೆ ಈ ಮಾತು. ಅಧಿಕಾರಿಯ ಹತ್ತಿರ ಮಾತಾಡುತ್ತೇನೆ, ಫೋನ್ ಸ್ಪೀಕರಿಗೆ ಹಾಕಿ ಎಂದರು. ಹಾಕಿ ಕೌಂಟರಿನ ಮೇಲಿಟ್ಟೆ. ಆಗ ನಿಮ್ಮವರು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, ನನಗೆ ಹೇಳಿದ್ದು ಇಷ್ಟು: "ಏನಾದರೂ ಕೊಟ್ಟು ಅಡ್ಜಸ್ಟ್ ಮಾಡಿಕೊಳ್ಳಿ ಮೇಡಂ, ಆಫ್ರಿಕಾ ತಾನೇ."

ಅಧಿಕಾರಿ ತಲೆಯೆತ್ತಿ ಫೋನನ್ನು ನೋಡಿದರು, ಆಮೇಲೆ ನನ್ನನ್ನು. ಹಿಂದೆ ನಿಂತಿದ್ದವರ ಮಾತು ನಿಂತುಹೋಯಿತು. ನಾಲ್ಕೂ ಪಾಸ್‌ಪೋರ್ಟುಗಳನ್ನು ಜೋಡಿಸಿ ನನ್ನತ್ತ ಸರಿಸಿ "ಮುಂದಿನವರು" ಎಂದರು, ಅಷ್ಟೆ. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನಮ್ಮ ಒಳ್ಳೆಯದಕ್ಕೇ ಮುದ್ರೆ ತಡೆಹಿಡಿದ ಮನುಷ್ಯನಿಗೆ, ಅವರದೇ ಮೇಜಿನ ಮೇಲೆ, ನನ್ನ ಫೋನಿನಿಂದ ಲಂಚದ ಮಾತು ಆಡಿಸಿದಿರಿ. ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು. ಆಮೇಲೂ ಅವರೇ ಕರೆದು, ದೇಶ ಬಿಡದೆ ಸೇತುವೆಯವರೆಗೆ ಹೋಗಿಬರಲು ಒಂದೊಂದು ಚೀಟಿ ಕೊಡಿಸಿದರು. ಆ ದಿನ ನಮಗೆ ದಕ್ಕಿದ್ದು ಆ ಚೀಟಿ ಮಾತ್ರ, ಅದನ್ನು ಕೊಟ್ಟವರೂ ನೀವಲ್ಲ.

ನಿಮ್ಮ ಇಮೇಲಿನ ಎರಡನೇ ಸಬೂಬು ಇನ್ನೂ ಕೆಟ್ಟದ್ದು. 'ಅದು ಸಮಸ್ಯೆಯಿರುವ ಗಡಿ, ಅಲ್ಲಿನ ಅಡಚಣೆಗೆ ಸಂಸ್ಥೆ ಹೊಣೆಯಲ್ಲ' ಎಂದಿದ್ದೀರಿ. ಆ ಗಡಿಯಲ್ಲಿ ಸಮಸ್ಯೆಯಿದ್ದ ಕಾಲವನ್ನು ನಾನು ಪಾಠ ಮಾಡಿದ್ದೇನೆ. 1973ರಲ್ಲಿ ರೊಡೇಷಿಯಾದ, ಅಂದರೆ ಇಂದಿನ ಜಿಂಬಾಬ್ವೆಯ, ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ ಜಾಂಬಿಯಾ ಜೊತೆಗಿನ ಗಡಿ ಮುಚ್ಚಿತು. 1905ರಲ್ಲಿ ಕಟ್ಟಿದ ಅದೇ ಸೇತುವೆಯ ಮೇಲೆ 1975ರ ಆಗಸ್ಟ್‌ನಲ್ಲಿ ರೈಲು ಬೋಗಿ ನಿಲ್ಲಿಸಿ, ಸ್ಮಿತ್ ಮತ್ತು ಕಪ್ಪು ಜನರ ನಾಯಕರು ಎದುರುಬದುರು ಕೂತರು. ಜಾಂಬಿಯಾದ ಅಧ್ಯಕ್ಷ ಕೌಂಡಾ ಕೂಡ ಬಂದಿದ್ದರು. ಮಾತುಕತೆ ಮುರಿದುಬಿತ್ತು, ಯುದ್ಧ ಮುಂದುವರಿಯಿತು, 1980ರಲ್ಲಿ ಜಿಂಬಾಬ್ವೆ ಸ್ವತಂತ್ರವಾಯಿತು. ನಾವು ಹೋದ ದಿನ ಅಲ್ಲಿ ಗಂಡಸರು ಸೈಕಲ್ ತಳ್ಳಿಕೊಂಡು, ಹೆಂಗಸರು ತಲೆಯ ಮೇಲೆ ಗಂಟು ಹೊತ್ತುಕೊಂಡು ಆಚೆ ಈಚೆ ಓಡಾಡುತ್ತಿದ್ದರು. ಸರಿಯಾದ ಕಾಗದವಿದ್ದ ಒಬ್ಬರನ್ನೂ ಯಾರೂ ತಡೆಯಲಿಲ್ಲ. ನಿಮ್ಮ ಕಚೇರಿಯ ಅಜಾಗರೂಕತೆಯನ್ನು ಮುಚ್ಚಿಕೊಳ್ಳಲು ಎರಡು ದೇಶಗಳ ಹೆಸರು ಕೆಡಿಸಬೇಡಿ.

"ಈ ಕಡೆಯಿಂದ ನೋಡಿದ್ರಲ್ಲ, ನೀರು ಅದೇ ತಾನೇ" ಎಂದೂ ನಿಮ್ಮ ಕಚೇರಿಯಲ್ಲಿ ಒಬ್ಬರು ನಕ್ಕರು. 1,708 ಮೀಟರ್ ಅಗಲದ ಜಲಪಾತ ಅದು. ಪ್ರವಾಹದ ಕಾಲದಲ್ಲಿ ಆ ದ್ವೀಪಕ್ಕೆ ದೋಣಿ ಹೋಗುವುದಿಲ್ಲ, ನೀರು ಇಳಿದಾಗ ಜಾಂಬಿಯಾ ದಡದಿಂದ ಮಾತ್ರ ಹೋಗಬಹುದು. ನವೆಂಬರಿನಲ್ಲೇ ಹೋಗಿ ಎಂದು ನಮಗೆ ಹೇಳಿದ್ದು ನೀವೇ, ಇದೇ ಕಾರಣಕ್ಕೆ. ಬೇಸಿಗೆಯ ಬರಿ ಬಂಡೆಯ ಜೋಗವನ್ನೂ ಮಳೆಗಾಲದ ಜೋಗವನ್ನೂ ನೋಡಿ ಬೆಳೆದವರು ನಾವು, ನೀರು ಕಡಿಮೆಯಾಯಿತೆಂದು ದೂರುತ್ತಿಲ್ಲ. 1855ರ ನವೆಂಬರಿನಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಮೊದಲು ಇಣುಕಿ ನೋಡಿದ್ದು ಆ ದ್ವೀಪದಿಂದ. ಸ್ಥಳೀಯರು ಅದಕ್ಕೂ ಎಷ್ಟೋ ಹಿಂದಿನಿಂದ ಅದನ್ನು ಮೋಸಿ ಓವಾ ತುನ್ಯಾ, ಗುಡುಗುವ ಹೊಗೆ, ಎಂದು ಕರೆಯುತ್ತಾ ಬಂದಿದ್ದಾರೆ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಜಾಂಬೆಜಿ ನದಿ ಬರೆದ ನನಗೆ ಅಲ್ಲಿ ನಿಲ್ಲಬೇಕಿತ್ತು. ನನ್ನ ಗೆಳತಿಯ ಮಂಡಿ ಇನ್ನೊಂದು ಸಲ ಅಷ್ಟು ದೂರದ ಪ್ರಯಾಣ ತಾಳುವುದಿಲ್ಲ.

ನಮ್ಮಿಂದ ಟಿಸಿಎಸ್ (ವಿದೇಶ ಪ್ರವಾಸದ ಹಣದ ಜೊತೆಗೇ ವಸೂಲು ಮಾಡುವ ತೆರಿಗೆ) ಸಹಿತ ಪೂರ್ತಿ ಹಣವನ್ನು ಹೊರಡುವ ಮೊದಲೇ ಕಟ್ಟಿಸಿಕೊಂಡಿದ್ದೀರಿ. ಜಾಂಬಿಯಾ ದಿನದ ಪೂರ್ತಿ ವೆಚ್ಚ ಮತ್ತು ಜಾಂಬಿಯಾ ವೀಸಾ ಶುಲ್ಕ ನಾಲ್ವರಿಗೂ ವಾಪಸ್ ಬರಬೇಕು. 'ನೋ ಶೋ' ನಮೂದನ್ನು ತೆಗೆದು, ಕಾರಣ ಸಂಸ್ಥೆಯ ತಪ್ಪು ಎಂದು ಲಿಖಿತವಾಗಿ ಕೊಡಬೇಕು. ಫೋನಿನಲ್ಲಿ ಲಂಚದ ಸಲಹೆ ಕೊಟ್ಟವರ ಮೇಲೆ ಏನು ಕ್ರಮ ಕೈಗೊಂಡಿರಿ ಎಂಬುದೂ ಅದರಲ್ಲಿರಬೇಕು.

ಈ ಪತ್ರ ತಲುಪಿದ 15 ದಿನ ಕಾಯುತ್ತೇನೆ. ಆಮೇಲೆ ದುಡ್ಡು ಕಳಿಸಿದರೂ ನಾನು ಸುಮ್ಮನಿರುವವಳಲ್ಲ. 1915 ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಊರಿನಲ್ಲೇ ಪ್ರಕರಣ ಹೂಡಬಹುದು. ನಾನು ಬೆಂಗಳೂರಿಗೆ ಅಲೆದದ್ದು ಮುಗಿಯಿತು, ಇನ್ನು ನಿಮ್ಮ ವಕೀಲರು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅಲೆಯಲಿ. ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎರಡನ್ನೂ ಸೇರಿಸುತ್ತೇನೆ. ಯೂನಿವೀಸಾದ ಕರಪತ್ರ, ಸಿಂಗಲ್ ಎಂಟ್ರಿಯ ಪುಟ, ಗಡಿ ಠಾಣೆಯಿಂದ ಮಾಡಿದ ಕರೆಯ ದಾಖಲೆ, ಸೇತುವೆ ಚೀಟಿ ಎಲ್ಲವೂ ನನ್ನ ಹತ್ತಿರ ಇವೆ. ಕೌಂಟರಿನ ಮುಂದೆ ಆ ಮಾತನ್ನು ಕಿವಿಯಾರೆ ಕೇಳಿದ ಮೂವರು ಸಾಕ್ಷಿ ಹೇಳಲು ತಯಾರಿದ್ದಾರೆ.

ಇನ್ನು ಮೇಲೆ ನನಗೆ ಫೋನ್ ಮಾಡಬೇಡಿ. ಹೇಳುವುದೇನಿದ್ದರೂ ಬರಹದಲ್ಲಿ, ಸಹಿ ಹಾಕಿ ಕಳಿಸಿ.

ಇಂತಿ,
ನಾಲ್ವರು ಗೆಳತಿಯರ ಪರವಾಗಿ,
ನಿವೃತ್ತ ಭೂಗೋಳ ಶಿಕ್ಷಕಿ, ಶಿವಮೊಗ್ಗ