ಹಸಿರು ಮಣ್ಣಿನ ಬಣ್ಣದಲ್ಲಿ ಆಗಲಿರುವ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಜಲವರ್ಣದ ‘ಹಸಿರು ಮಣ್ಣು’ (ಹಸಿರು ಖನಿಜವನ್ನು ಅರೆದು ಮಾಡುವ ಬಣ್ಣ) ಇಟಲಿಯಿಂದ ತರಿಸಿದ ಪುಡಿಯ ಬದಲು ದಖ್ಖನ್ ಬಸಾಲ್ಟ್ ಶಿಲೆಯ ಪೊಳ್ಳುಗಳಲ್ಲಿ ಸಿಗುವ ಸೆಲಡೊನೈಟ್ ಖನಿಜದಿಂದ ತಯಾರಾಗಲಿದೆ. ಈ ಮಣ್ಣಿಗೆ ಹೆಸರಾಗಿದ್ದ, ಇಟಲಿಯ ವೆರೋನಾ ಸಮೀಪದ ಮಾಂಟೆ ಬಾಲ್ಡೊ ಬೆಟ್ಟದ ಹಳೆಯ ಗಣಿಗಳು ನಿಂತು ಬಹುಕಾಲವಾಗಿದೆ. ನಮ್ಮ ದಾಸ್ತಾನು ಮುಗಿಯುತ್ತ ಬಂದಾಗ ಆ ಗಣಿಗಳ ಮಣ್ಣೆಂಬ ಹೆಸರಿನಲ್ಲಿ ನಮಗೆ ಬಂದ ಹೊಸ ಮಾದರಿಗಳನ್ನು ನಂಬಿ ನಿಮಗೆ ಮಾರಲು ಮನಸ್ಸು ಒಪ್ಪಲಿಲ್ಲ. ಒಂದು ಪ್ಯಾನಿನ (ಒಣಗಿಸಿದ ಬಣ್ಣದ ಬಿಲ್ಲೆಯ) ಬೆಲೆ 340 ರೂಪಾಯಿಯಿಂದ 420 ರೂಪಾಯಿಗೆ ಏರುತ್ತದೆ. ಇದಕ್ಕಾಗಿ ಕ್ಷಮೆ ಕೋರುತ್ತೇವೆ.

ನಮ್ಮದೇ ನೆಲದ ಕಲ್ಲಿಗೆ ಇಷ್ಟು ಬೆಲೆಯೇ ಎಂದು ಕೇಳುವವರು ಒಮ್ಮೆ ಅಂಗಡಿಯ ಹಿಂಬದಿಗೆ ಬಂದು ನೋಡಬೇಕು. ಇಟಲಿಯ ಮಣ್ಣು ತೊಳೆದು ಪುಡಿಯಾಗಿ ಬರುತ್ತಿತ್ತು. ದಖ್ಖನ್ನಿನ ಈ ಖನಿಜ, ಜಿಯೊಲೈಟ್ ಎಂಬ ಬೇರೊಂದು ಖನಿಜದ ಮತ್ತು ಸುಣ್ಣದ ಹರಳುಗಳು ಅಂಟಿಕೊಂಡ ಗಟ್ಟಿಗಳಾಗಿ ಬರುತ್ತದೆ. ಅದನ್ನು ಕೈಯಿಂದಲೇ ಬಿಡಿಸಿ, ಕುಟ್ಟಿ, ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ತೇಲಿದ ನಯವಾದ ಭಾಗವನ್ನಷ್ಟೇ ಬಸಿದು ಒಣಗಿಸಬೇಕಾಗಿದ್ದು, ದುಡ್ಡು ಕೊಟ್ಟು ತಂದ ಕಲ್ಲಿನಲ್ಲಿ ದೊಡ್ಡ ಪಾಲು ಹೀಗೆ ಮರಳಾಗಿಯೇ ಹೊರಗೆ ಹೋಗುತ್ತದೆ. ಜೇಡಿಯ ಗುಣದ ಈ ಖನಿಜ, ಬಣ್ಣವನ್ನು ಕಾಗದಕ್ಕೆ ಅಂಟಿಸುವ ಗೋಂದನ್ನೂ ಹೆಚ್ಚು ಕುಡಿಯುತ್ತದೆ. ಆ ಗೋಂದು ಮುಖ್ಯವಾಗಿ ಸುಡಾನಿನಿಂದ ಬರಬೇಕು. 2023ರಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಅದರ ದರ ನಮ್ಮ ಕೈಯಲ್ಲಿ ಉಳಿದಿಲ್ಲ.

ಇನ್ನು ಪದೇ ಪದೇ ಕೇಳಿಬರುವ ದೂರು: ‘ಬಣ್ಣ ಪೇಲವ, ಕಾಗದವನ್ನು ಮುಚ್ಚುವುದಿಲ್ಲ, ಏನೋ ಬೆರೆಸಿದ್ದೀರಿ.’ ನಾವು ಏನನ್ನೂ ಬೆರೆಸದಿರುವುದರಿಂದಲೇ ಅದು ಹಾಗಿದೆ. ಹಸಿರು ಮಣ್ಣು ಸ್ವಭಾವತಃ ಪಾರದರ್ಶಕ, ಅದಕ್ಕೆ ಮುಚ್ಚುವ ಶಕ್ತಿ ಕಡಿಮೆ. ಮಧ್ಯಯುಗದ ಇಟಲಿಯ ಚಿತ್ರಕಾರರು ಮುಖಗಳಿಗೆ ಗುಲಾಬಿ ಬಣ್ಣ ಹಚ್ಚುವ ಮುನ್ನ ತಳಪದರವಾಗಿ ಇದನ್ನು ಬಳಸುತ್ತಿದ್ದರು; ಮೇಲಿನ ಪದರ ಸವೆದ ಕಡೆ ಆ ಮುಖಗಳು ಇಂದು ಹಸಿರಾಗಿ ಕಾಣುತ್ತವೆ. ಅಜಂತಾದ ಭಿತ್ತಿಚಿತ್ರಗಳ ಹಸಿರೂ ಇದೇ ಜಾತಿಯ ಮಣ್ಣು. ಬೆಳಕಿಗೂ ಸುಣ್ಣಕ್ಕೂ ಜಗ್ಗದ ಬಣ್ಣವಿದು. ಇದೇ ಹೆಸರಿನ ಟ್ಯೂಬೊಂದು ಕಣ್ಣು ಕುಕ್ಕುವಷ್ಟು ಹಸಿರಾಗಿದ್ದರೆ ದಯವಿಟ್ಟು ಅದರ ಹಿಂಬದಿಯನ್ನು ಓದಿ: ನಿಜವಾದ ಹಸಿರು ಮಣ್ಣಿಗೆ ಬಣ್ಣ ತಯಾರಕರು ಬಳಸುವ ಸಂಕೇತ ಪಿ.ಜಿ. (ಪಿಗ್ಮೆಂಟ್ ಗ್ರೀನ್) 23, ಪಿ.ಜಿ. 7 ಎಂದಿದ್ದರೆ ಅದು ಕಾರ್ಖಾನೆಯ ಥ್ಯಾಲೊ ಹಸಿರು. ಅದನ್ನು ಚಿಟಿಕೆಯಷ್ಟು ಬೆರೆಸಿದ್ದರೆ ನಮ್ಮ ಖರ್ಚೂ ಇಳಿಯುತ್ತಿತ್ತು, ನಿಮ್ಮ ದೂರೂ ನಿಲ್ಲುತ್ತಿತ್ತು, ನಾವು ಬೆರೆಸುವುದಿಲ್ಲ.

ಹೊಸ ಬಣ್ಣ ಹಳೆಯದಕ್ಕಿಂತ ತುಸು ನೀಲಿಯತ್ತ ವಾಲುತ್ತದೆ ಮತ್ತು ಒಂದು ಸಲದ ಅರೆತಕ್ಕೂ ಇನ್ನೊಂದಕ್ಕೂ ಛಾಯೆ ಸ್ವಲ್ಪ ಬದಲಾಗಬಹುದು. ಹಳೆಯ ಬಣ್ಣದಲ್ಲಿ ಚಿತ್ರಮಾಲೆಯನ್ನು ಅರ್ಧಕ್ಕೆ ತಂದಿರುವವರು ನಮಗೆ ತಿಳಿಸಿದರೆ, ಉಳಿದಿರುವ ಇಟಲಿ ಮಣ್ಣಿನ ಪ್ಯಾನುಗಳನ್ನು ಹಳೆಯ ಬೆಲೆಗೇ ಅವರಿಗೆ ಮೊದಲು ಕೊಡುತ್ತೇವೆ.

ತಮ್ಮ ವಿಶ್ವಾಸಿಗಳು,
ಬಣ್ಣ ಅರೆಯುವ ಬಳಗದ ಪರವಾಗಿ,
ಮೈಸೂರು