ಲೆಪರ್ಡ್ ಗೆಕೊ (ಸಾಕು ಹಲ್ಲಿ) ಮರಿ ಮಾಡಿಸಲು ಹೊರಟವರ ಗಮನಕ್ಕೆ

ಜೋಡಿ ಹಾಕುವ ಮುನ್ನ ಹೆಣ್ಣನ್ನು ತೂಗಿ ನೋಡಿ. ಕನಿಷ್ಠ 50 ಗ್ರಾಂ ಇರಬೇಕು, ವರ್ಷ ತುಂಬಿರಬೇಕು. ಬಾಲ ಸಪೂರವಾಗಿದ್ದರೆ ಈ ಸಲ ಬೇಡ. ಮೊಟ್ಟೆಗೆ ಬೇಕಾದ ಕ್ಯಾಲ್ಸಿಯಂ ಅದರ ಮೈಯಿಂದಲೇ ಹೋಗುವುದರಿಂದ ಕ್ಯಾಲ್ಸಿಯಂ ಪುಡಿಯ ಬಟ್ಟಲು ಸದಾ ಒಳಗಿರಲಿ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಲೇಬೇಡಿ.

ಮೊಟ್ಟೆ ಸಾಮಾನ್ಯವಾಗಿ ಎರಡೆರಡು ಬರುತ್ತವೆ. ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹಾಗೆಯೇ ಎತ್ತಿಡಿ. ಕೋಳಿಮೊಟ್ಟೆಯಂತೆ ತಿರುಗಿಸುತ್ತಾ ಕೂತರೆ ಒಳಗಿನ ಭ್ರೂಣ ಸಾಯಬಹುದು. ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಖನಿಜ), ನೀರು ಎರಡೂ ಸಮತೂಕದಲ್ಲಿ ಡಬ್ಬಿಯಲ್ಲಿ ಬೆರೆಸಿ ಮೊಟ್ಟೆಯನ್ನು ಅರ್ಧ ಹೂತಿಡಿ. ಮರಿ ಹೆಣ್ಣೋ ಗಂಡೋ ಎಂಬುದು ಕಾವಿನ ತಾಪಮಾನದ ಮೇಲೆ: ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚಾಗಿ ಹೆಣ್ಣು, 32ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು. ಥರ್ಮಾಮೀಟರ್ ಪ್ರೋಬ್ ಮೊಟ್ಟೆಯ ಪಕ್ಕದಲ್ಲೇ ಇರಲಿ, ಡಬ್ಬಿಯ ಹೊರಗಿನ ಅಂಕಿ ನಂಬಬೇಡಿ. ಮುಚ್ಚಳದ ಹನಿ ಮೊಟ್ಟೆ ಮೇಲೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಆಗಾಗ ಒರೆಸಿ.

ಮರಿ ಮೊದಲ ಪೊರೆ ಕಳಚುವವರೆಗೆ ತಿನ್ನದಿದ್ದರೆ ಗಾಬರಿ ಬೇಡ. ಆಮೇಲೆ ಸಣ್ಣ ಜೀರುಂಡೆ (ಕ್ರಿಕೆಟ್ ಹುಳು) ಕೊಡಿ.

ಮಾರಾಟಕ್ಕೆ ಆತುರ ಬೇಡ. ಕೆಲವು ವಾರ ತಾನಾಗಿಯೇ ತಿಂದು ತೂಕ ಏರಿಸಿಕೊಂಡ ಮರಿಯನ್ನಷ್ಟೇ ಕೊಡಿ. ಹುಟ್ಟಿದ ದಿನ, ತಂದೆತಾಯಿಯ ಮಾರ್ಫ್ (ಬಣ್ಣ-ವಿನ್ಯಾಸದ ಬಗೆ), ಕಾವಿನ ತಾಪಮಾನ ಬರೆದುಕೊಡಿ. ಟ್ರೆಂಪರ್, ಬೆಲ್, ರೇನ್‌ವಾಟರ್ ಎಂಬ ಮೂರು ಬೇರೆ ಬೇರೆ ಆಲ್ಬಿನೊ ವಂಶಗಳನ್ನು ಬೆರೆಸಬೇಡಿ, ಮುಂದೆ ಯಾವ ವಂಶವೆಂದು ಹೇಳಲಾಗದು. ಎನಿಗ್ಮಾ ಎಂಬ ಮಾರ್ಫ್ ಬೇಡವೇ ಬೇಡ, ಅದರ ಜೊತೆ ನರದೋಷವೂ ಬರುತ್ತದೆ.